ಪಾಪ ಮಾಡಿದವನನ್ನು ನೋಡಿ ‘ಪಾಪ’ ಅನ್ನಿಸುವುದು ಯಾಕೆ?

ಮಧ್ಯರಾತ್ರಿ. ಹೊರಗೆ ದಟ್ಟ ಮಂಜು. ಅರವತ್ತೈದು ವರ್ಷದ ಹಳೆಯ ನಟನೊಬ್ಬ ಒಂದೇ ದೀಪದ ಬೆಳಕಲ್ಲಿ ಒಂಟಿಯಾಗಿ ಇಸ್ಪೀಟು ಆಡುತ್ತಾ ಕೂತಿದ್ದಾನೆ. ಹೆಸರು ಜೇಮ್ಸ್ ಟೈರೋನ್. ಸಿಕ್ಕಸಿಕ್ಕಲ್ಲಿ ಜಮೀನು ಕೊಂಡಿಟ್ಟಿದ್ದಾನೆ, ಆದರೆ ಕರೆಂಟ್ ಬಿಲ್ಲಿಗೆ ಹೆದರುತ್ತಾನೆ. ಕಿರಿಯ ಮಗ ಎಡ್ಮಂಡ್ ಹಜಾರದ ದೀಪ ಆರಿಸದೆ ಒಳಗೆ ಬರುತ್ತಾನೆ. ಅಷ್ಟಕ್ಕೇ ಜಗಳ. ಅಪ್ಪ ಹೊಡೆಯುವಷ್ಟು ರೇಗುತ್ತಾನೆ. ಮರುಕ್ಷಣವೇ ಮಗನಿಗೆ ಕ್ಷಯ ಎಂಬುದು ನೆನಪಾಗುತ್ತದೆ. ನಾಚಿಕೆಯಾಗಿ ಎದ್ದು ತೂಗುದೀಪದ ಮೂರೂ ಬಲ್ಬು ಹಾಕುತ್ತಾನೆ. ಉರಿಯಲಿ ಬಿಡು, ಹೇಗೂ ಕೊನೆಗೆ ಬಡವರ ಆಶ್ರಮವೇ ಗತಿ ಎಂದು ಗೊಣಗುತ್ತಾನೆ.

ಮಗ ಸುಮ್ಮನಿರುವುದಿಲ್ಲ. ನನ್ನನ್ನು ಅಗ್ಗದ ಸರ್ಕಾರಿ ಆಸ್ಪತ್ರೆಗೆ ಸಾಗಹಾಕಲು ನೋಡಿದೆಯಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಕೇಳುತ್ತಾನೆ. ಅಪ್ಪನಿಗೆ ಅವಮಾನವಾಗುತ್ತದೆ. ಎಲ್ಲಿಗೆ ಬೇಕಾದರೂ ಹೋಗು, ಖರ್ಚಿನ ಯೋಚನೆ ಬೇಡ ಎನ್ನುತ್ತಾನೆ. ಒಂದು ಉಸಿರಿನ ನಂತರ ಸೇರಿಸುತ್ತಾನೆ: ಒಂದು ಮಿತಿಯೊಳಗೆ.

ಆಮೇಲೆ ತನ್ನ ಕತೆ ಹೇಳುತ್ತಾನೆ. ಹತ್ತು ವರ್ಷದವನಿದ್ದಾಗ ತಂದೆ ಬಿಟ್ಟು ಹೋದದ್ದು. ವಾರಕ್ಕೆ ಐವತ್ತು ಸೆಂಟಿಗೆ ದಿನಕ್ಕೆ ಹನ್ನೆರಡು ಗಂಟೆ ಕಾರ್ಖಾನೆಯಲ್ಲಿ ದುಡಿದದ್ದು. ದುಡ್ಡು ತರುವ ಒಂದೇ ಒಂದು ಪಾತ್ರಕ್ಕೆ ಅಂಟಿಕೊಂಡು ದೊಡ್ಡ ನಟನಾಗುವ ಅವಕಾಶ ಕಳೆದುಕೊಂಡದ್ದು. ಇದನ್ನು ಅವನು ಯಾರ ಮುಂದೆಯೂ ಒಪ್ಪಿಕೊಂಡವನಲ್ಲ. ಹೇಳಿ ಮುಗಿಸಿ, ಈ ಬೆಳಕು ಕಣ್ಣಿಗೆ ಚುಚ್ಚುತ್ತಿದೆ, ಆರಿಸಲೇ ಎನ್ನುತ್ತಾನೆ. ಒಂದು ಬಲ್ಬು ಆರುತ್ತದೆ. ಅಷ್ಟು ದುಡ್ಡಿನಿಂದ ನಾನು ಏನು ಕೊಳ್ಳಬೇಕು ಅಂತಿದ್ದೆನೋ ನನಗೇ ಗೊತ್ತಿಲ್ಲ ಎನ್ನುತ್ತಾನೆ. ಇನ್ನೊಂದು ಆರುತ್ತದೆ. ಒಳ್ಳೆಯ ಕಲಾವಿದನಾಗಿದ್ದೆ ಎಂಬ ನೆಮ್ಮದಿ ಸಿಕ್ಕಿದ್ದರೆ ಒಂದು ಎಕರೆ ನೆಲ ಇಲ್ಲದಿದ್ದರೂ ಪರವಾಗಿರಲಿಲ್ಲ ಎನ್ನುತ್ತಾನೆ. ಮೂರನೆಯದೂ ಆರುತ್ತದೆ.

ಮಗನಿಗೆ ನಗು ತಡೆಯಲಾಗುವುದಿಲ್ಲ. ನಮಗೂ ನಗು ಬರುತ್ತದೆ. ಆದರೆ ಗಂಟಲು ಬಿಗಿಯುವುದೂ ಅದೇ ಹೊತ್ತಿಗೆ.

ಇದು ಅಮೆರಿಕದ ನಾಟಕಕಾರ ಯುಜೀನ್ ಓನೀಲ್ 1941ರಲ್ಲಿ ಬರೆದು ಮುಗಿಸಿದ ‘ಲಾಂಗ್ ಡೇಸ್ ಜರ್ನಿ ಇಂಟು ನೈಟ್’ ನಾಟಕದ ಕೊನೆಯ ಅಂಕ. ಅವನು ತೀರಿಕೊಂಡ ಮೇಲೆ, 1956ರಲ್ಲಿ, ಸ್ಟಾಕ್‌ಹೋಮ್‌ನಲ್ಲಿ ಮೊದಲು ರಂಗಕ್ಕೆ ಬಂತು. ಇಲ್ಲಿ ನನ್ನನ್ನು ಕಾಡುವುದು ಒಂದೇ ಪ್ರಶ್ನೆ. ಈ ಮನುಷ್ಯನ ಜಿಪುಣತನದಿಂದ ಮನೆ ಹಾಳಾಗಿದೆ. ಅವನು ಬದಲಾಗಿಯೂ ಇಲ್ಲ, ಬಲ್ಬು ಆರಿಸುತ್ತಲೇ ಇದ್ದಾನೆ. ಹಾಗಿದ್ದೂ ನಮಗೆ ‘ಪಾಪ’ ಅನ್ನಿಸುವುದು ಯಾಕೆ?

ಕನ್ನಡದಲ್ಲಿ ಈ ಪದಕ್ಕೆ ಎರಡು ಕೆಲಸ. ‘ಪಾಪ ಮಾಡಿದ’ ಎನ್ನುತ್ತೇವೆ. ‘ಪಾಪ ಅವನು’ ಅಂತಲೂ ಎನ್ನುತ್ತೇವೆ. ಮೊದಲನೆಯದು ತೀರ್ಪು, ಎರಡನೆಯದು ಮರುಕ. ಎರಡನ್ನೂ ಒಂದೇ ಉಸಿರಲ್ಲಿ ಹೇಳಿಸಿಕೊಳ್ಳುವವನೇ ದುರಂತ ನಾಯಕ.

ಹಳೆಯ ಮಾತೊಂದನ್ನು ಬೇಗ ಮುಗಿಸಿಬಿಡೋಣ. ಅರಿಸ್ಟಾಟಲ್ ತನ್ನ ಕಾವ್ಯಮೀಮಾಂಸೆಯಲ್ಲಿ ಲೆಕ್ಕ ಹಾಕಿದ್ದು ಸರಳವಾಗಿದೆ. ತೀರಾ ಒಳ್ಳೆಯವನು ಬಿದ್ದರೆ ನಮಗೆ ಅಸಹ್ಯವಾಗುತ್ತದೆ, ಲೋಕವೇ ಸರಿಯಿಲ್ಲ ಅನ್ನಿಸುತ್ತದೆ. ತೀರಾ ಕೆಟ್ಟವನು ಬಿದ್ದರೆ ಒಳ್ಳೆಯದಾಯಿತು ಎನ್ನುತ್ತೇವೆ. ಮರುಕ ಹುಟ್ಟಬೇಕಾದರೆ ನಡುವಿನ ಮನುಷ್ಯ ಬೇಕು, ಅವನ ಪತನಕ್ಕೆ ‘ಹಮಾರ್ತಿಯ’ ಕಾರಣವಾಗಬೇಕು. ಪಠ್ಯಪುಸ್ತಕಗಳು ಇದನ್ನು ‘ದುರಂತ ದೋಷ’ ಎಂದು ಕಲಿಸುತ್ತವೆ. ಮೂಲ ಗ್ರೀಕ್ ಪದದಲ್ಲಿ ಇರುವುದು ಗುರಿ ತಪ್ಪುವ ಅರ್ಥ. ಬಾಣ ಬಿಟ್ಟವನ ಕಣ್ಣು ಗುರಿಯ ಮೇಲೇ ಇತ್ತು, ಬಾಣ ಮಾತ್ರ ಬೇರೆಲ್ಲೋ ಹೋಗಿ ನೆಟ್ಟಿತು. ಈ ವ್ಯತ್ಯಾಸ ಚಿಕ್ಕದಲ್ಲ. ದೋಷ ಅಂದರೆ ಅವನೊಳಗಿನ ಹುಳುಕು. ಗುರಿ ತಪ್ಪುವುದು ಅಂದರೆ ಅವನಿಗೊಂದು ಗುರಿ ಇತ್ತು ಎಂದಾಯಿತು, ಅಲ್ವಾ?

ಆಧುನಿಕ ನಾಟಕಕಾರರಿಗೆ ಎದುರಾದ ತೊಡಕು ಬೇರೆ. ಹಳೆಯ ರುದ್ರನಾಟಕದಲ್ಲಿ ಬೀಳುವವನು ರಾಜ. ಎತ್ತರದಿಂದ ಬೀಳುತ್ತಾನೆ, ಸದ್ದು ದೊಡ್ಡದಾಗಿ ಕೇಳುತ್ತದೆ. ಈಗ ಬೀಳುವವನು ಕಂತು ಕಟ್ಟುವ ಸೇಲ್ಸ್‌ಮನ್, ಕಸ ಎತ್ತುವ ಕಾರ್ಮಿಕ. ಕುರ್ಚಿಯಿಂದ ಬಿದ್ದವನನ್ನು ನೋಡಿ ಯಾರಾದರೂ ನಡುಗುತ್ತಾರಾ? 1949ರ ಫೆಬ್ರವರಿಯಲ್ಲಿ ಆರ್ಥರ್ ಮಿಲ್ಲರ್‌ನ ‘ಡೆತ್ ಆಫ್ ಎ ಸೇಲ್ಸ್‌ಮನ್’ ನ್ಯೂಯಾರ್ಕ್‌ನಲ್ಲಿ ಪ್ರದರ್ಶನ ಶುರುಮಾಡಿತು. ಅದೇ ತಿಂಗಳು ಅವನು ಪತ್ರಿಕೆಯೊಂದರಲ್ಲಿ ಪ್ರಬಂಧ ಬರೆದು ಇದಕ್ಕೆ ಉತ್ತರಿಸಿದ. ಅವನ ವಾದದ ತಿರುಳು ಇಷ್ಟು: ತನ್ನ ಮರ್ಯಾದೆ ಉಳಿಸಿಕೊಳ್ಳಲು ಪ್ರಾಣವನ್ನೇ ಒತ್ತೆ ಇಡಲು ಸಿದ್ಧನಿರುವ ಯಾರೇ ಆದರೂ ದುರಂತ ನಾಯಕನಾಗಬಲ್ಲ. ಕಿರೀಟ ಬೇಕಿಲ್ಲ.

ವಾದ ಸರಿ. ಆದರೆ ವಾದ ಕೇಳಿ ಯಾರೂ ಅಳುವುದಿಲ್ಲ. ಆ ನಾಟಕ ಅದನ್ನು ಸಾಧಿಸಿದ್ದು ಕಾಲುಚೀಲಗಳಿಂದ.

ವಿಲ್ಲಿ ಲೋಮನ್‌ಗೆ ಅರವತ್ತಮೂರು ವರ್ಷ. ಊರೂರು ಸುತ್ತಿ ಸರಕು ಮಾರುವವನು. ಬಡಾಯಿ ಜಾಸ್ತಿ, ಸುಳ್ಳೂ ಜಾಸ್ತಿ. ಹೆಂಡತಿ ಲಿಂಡಾ ಮಾತಾಡಲು ಬಂದರೆ ಬಾಯಿ ಮುಚ್ಚಿಸುತ್ತಾನೆ. ಬಾಸ್ಟನ್‌ನಲ್ಲಿ ಬೇರೊಬ್ಬಳ ಸಹವಾಸ. ಒಂದು ಕಡೆ ಆ ಹೆಂಗಸು ಅವನ ನೆನಪಲ್ಲಿ ಬಂದು, ಕಾಲುಚೀಲ ಕೊಟ್ಟದ್ದಕ್ಕೆ ಥ್ಯಾಂಕ್ಸ್ ಹೇಳಿ ನಗುತ್ತಾ ಹೋಗುತ್ತಾಳೆ. ನೆನಪು ಕರಗುತ್ತದೆ. ಎದುರಿಗೆ ಲಿಂಡಾ ಕೂತು ತನ್ನ ಹರಿದ ಕಾಲುಚೀಲ ಹೊಲಿಯುತ್ತಿದ್ದಾಳೆ. ವಿಲ್ಲಿ ಇದ್ದಕ್ಕಿದ್ದಂತೆ ಕೂಗುತ್ತಾನೆ: ಈ ಮನೆಯಲ್ಲಿ ನೀನು ಕಾಲುಚೀಲ ಹೊಲಿಯಕೂಡದು, ಬಿಸಾಕು ಅದನ್ನ!

ಲಿಂಡಾಗೆ ಅವನ ಸಿಟ್ಟು ಅರ್ಥವಾಗುವುದಿಲ್ಲ, ಚೀಲವನ್ನು ಜೇಬಿಗೆ ಸೇರಿಸುತ್ತಾಳೆ ಅಷ್ಟೇ. ನಮಗೆ ಮಾತ್ರ ಅರ್ಥವಾಗಿದೆ. ಹೊರಗಿನಿಂದ ನೋಡಿದರೆ ಅವನು ಹೆಂಡತಿಯ ಮೇಲೆ ಸುಮ್ನೆ ಎಗರಾಡುವ ಗಂಡ. ಒಳಗಿನಿಂದ ನೋಡಿದರೆ ನಾಚಿಕೆಯಿಂದ ಬೆಂದುಹೋಗುತ್ತಿರುವ ಮನುಷ್ಯ. ಅವನ ತಪ್ಪು ಒಂದಿಷ್ಟೂ ಕಡಿಮೆಯಾಗಿಲ್ಲ, ಇನ್ನೂ ಸ್ಪಷ್ಟವಾಗಿ ಕಂಡಿದೆ. ಆದರೂ ನಾವು ಒಂದು ಹೆಜ್ಜೆ ಅವನ ಹತ್ತಿರ ಹೋಗಿದ್ದೇವೆ, ಯಾಕೆಂದರೆ ಆ ಕೋಣೆಯಲ್ಲಿ ಅವನ ಗುಟ್ಟು ಗೊತ್ತಿರುವವರು ನಾವೊಬ್ಬರೇ. ಗುಟ್ಟು ಹಂಚಿಕೊಂಡವನ ಮೇಲೆ ಪೂರ್ತಿ ಕೋಪ ಮಾಡಿಕೊಳ್ಳುವುದು ಕಷ್ಟ. ಮಿಲ್ಲರ್ ಈ ನಾಟಕಕ್ಕೆ ಮೊದಲು ಯೋಚಿಸಿದ್ದ ಹೆಸರೇ ‘ಅವನ ತಲೆಯ ಒಳಗೆ’ ಎಂಬ ಅರ್ಥದ್ದು. ಅವನಿಗೆ ತಾನು ಎಲ್ಲಿ ಕೈ ಹಾಕುತ್ತಿದ್ದೇನೆ ಎಂಬುದು ಚೆನ್ನಾಗಿ ಗೊತ್ತಿತ್ತು.

ಸಿನಿಮಾ ಕುರಿತು ಬರೆಯುವ ಮರ್ರಿ ಸ್ಮಿತ್ 1995ರಲ್ಲಿ ಇಲ್ಲಿಗೂ ಹೊಂದುವ ಒಂದು ಗೆರೆ ಎಳೆದ. ಪಾತ್ರದ ಜೊತೆಗಿರುವುದು ಬೇರೆ, ಪಾತ್ರದ ಪರ ನಿಲ್ಲುವುದು ಬೇರೆ. ಕತೆ ನಮ್ಮನ್ನು ಒಬ್ಬನ ಪಕ್ಕದಲ್ಲೇ ಕೂರಿಸಿ ಅವನ ಕಣ್ಣಿಂದ ಎಲ್ಲವನ್ನೂ ತೋರಿಸಬಹುದು. ಅಷ್ಟರಿಂದಲೇ ನಾವು ಅವನ ಕಡೆಯವರಾಗುವುದಿಲ್ಲ. ದುರಂತ ನಾಯಕನ ವಿಷಯದಲ್ಲಿ ನಮ್ಮನ್ನು ಪಕ್ಕದಲ್ಲಿ ಗಟ್ಟಿಯಾಗಿ ಕೂರಿಸಿ, ಪರ ನಿಲ್ಲಲು ಮಾತ್ರ ಬಿಡುವುದಿಲ್ಲ. ಈ ಎಳೆದಾಟದಲ್ಲೇ ಮರುಕ ಹುಟ್ಟುವುದು.

ಮಿಲ್ಲರ್‌ನ ಇನ್ನೊಂದು ದೃಶ್ಯದಲ್ಲಿ ಬೇರೆಯದೇ ಲೆಕ್ಕ ನಡೆಯುತ್ತದೆ. ಊರು ಸುತ್ತಲು ಇನ್ನು ಆಗುವುದಿಲ್ಲ, ಇಲ್ಲೇ ಒಂದು ಕೆಲಸ ಕೊಡು ಎಂದು ವಿಲ್ಲಿ ತನ್ನ ಎಳೆಯ ಯಜಮಾನನ ಹತ್ತಿರ ಹೋಗುತ್ತಾನೆ. ಯಜಮಾನ ಹೊಸದಾಗಿ ಕೊಂಡ ರೆಕಾರ್ಡಿಂಗ್ ಯಂತ್ರದಲ್ಲಿ ಮುಳುಗಿದ್ದಾನೆ. ಮಗಳ ಸಿಳ್ಳೆ ಕೇಳಿಸುತ್ತಾನೆ. ಮಗ ರಾಜಧಾನಿಗಳ ಹೆಸರು ಒಪ್ಪಿಸುವುದನ್ನು ಕೇಳಿಸುತ್ತಾನೆ. ವಿಲ್ಲಿ ಕಾಯುತ್ತಾನೆ. ವಾರಕ್ಕೆ 65 ಡಾಲರ್ ಸಾಕು ಎನ್ನುತ್ತಾನೆ. ಆಮೇಲೆ 50 ಅಂದರೂ ಸರಿ. ಆಮೇಲೆ 40. ಯಾರೂ ಚೌಕಾಸಿ ಮಾಡುತ್ತಿಲ್ಲ, ಅವನೇ ತನ್ನ ಬೆಲೆ ಇಳಿಸಿಕೊಳ್ಳುತ್ತಿದ್ದಾನೆ. ಜೀವನವಿಡೀ ಸರಕು ಮಾರಿದವನಿಗೆ ತನ್ನನ್ನು ಮಾರಿಕೊಳ್ಳಲು ಬರುತ್ತಿಲ್ಲ. ಅವನು ಎಷ್ಟು ಬಡಾಯಿ ಕೊಚ್ಚಿಕೊಂಡಿದ್ದನೋ ಶಿಕ್ಷೆ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ತಪ್ಪಿಗೂ ಶಿಕ್ಷೆಗೂ ನಡುವೆ ಇರುವ ಈ ಅಂತರವನ್ನು ಪ್ರೇಕ್ಷಕ ಕೂತಲ್ಲೇ ಅಳೆಯುತ್ತಾನೆ. ಅಂತರ ಅತಿಯಾದಷ್ಟೂ ಮರುಕ ಹೆಚ್ಚು.

ಹಾಗಂತ ಅವನನ್ನು ಬರೀ ಬಲಿಪಶು ಮಾಡಿದರೆ ಕೆಲಸ ಕೆಟ್ಟಿತು. ಪಕ್ಕದ ಮನೆಯ ಚಾರ್ಲಿ ಅವನಿಗೆ ಕೆಲಸ ಕೊಡುತ್ತೇನೆ ಎನ್ನುತ್ತಾನೆ. ವಿಲ್ಲಿ ಒಲ್ಲೆ ಎನ್ನುತ್ತಾನೆ, ಆದರೆ ಅದೇ ಚಾರ್ಲಿಯಿಂದ ವಾರವಾರ ಸಾಲ ತಂದು ಮನೆಯಲ್ಲಿ ಸಂಬಳ ಎಂದು ಕೊಡುತ್ತಾನೆ. ಬಾಗಿಲು ತೆರೆದೇ ಇತ್ತು, ಅವನೇ ಒಳಗೆ ಹೋಗಲಿಲ್ಲ. ಇದು ತುಂಬಾ ಮುಖ್ಯ. ಆಯ್ಕೆಯೇ ಇಲ್ಲದವನ ಕತೆ ದುಃಖದ ಕತೆಯಾಗುತ್ತದೆ, ದುರಂತವಾಗುವುದಿಲ್ಲ. ಕೈ ಚಾಚಿದ್ದರೆ ಸಿಗುತ್ತಿತ್ತು, ಕೈ ಚಾಚಲು ಅವನ ಸ್ವಭಾವ ಬಿಡಲಿಲ್ಲ ಎಂದಾಗ ಹೊಟ್ಟೆಯಲ್ಲಿ ಸಂಕಟ ಶುರುವಾಗುತ್ತದೆ. ಇನ್ನೊಂದು ಸೂಕ್ಷ್ಮ: ಆ ಸಾಲದ ಗುಟ್ಟು ಲಿಂಡಾಗೆ ಗೊತ್ತು. ಗೊತ್ತಿದ್ದೂ ಅವನ ಮುಂದೆ ಬಾಯಿ ಬಿಡುವುದಿಲ್ಲ. ಅವನಿಂದ ಅತಿ ಹೆಚ್ಚು ನೋವು ತಿಂದವಳೇ ಅವನ ಮರ್ಯಾದೆ ಕಾಯುತ್ತಿರುವಾಗ ನಾವು ಹೊರಗಿನವರು ಕಲ್ಲೆಸೆಯುವುದು ಹೇಗೆ?

ನಟನ ಮೈಕಟ್ಟು ಕೂಡ ಲೆಕ್ಕಕ್ಕೆ ಬರುತ್ತದೆ. ಮಿಲ್ಲರ್ ವಿಲ್ಲಿಯನ್ನು ಕುಳ್ಳ ಎಂದು ಕಲ್ಪಿಸಿಕೊಂಡು, ಯಾರೋ ಅವನನ್ನು ‘ಸೀಗಡಿ’ ಎಂದು ಹೀಯಾಳಿಸಿದ ಮಾತು ಬರೆದಿದ್ದ. ಮೊದಲ ಪ್ರಯೋಗದಲ್ಲಿ ಪಾತ್ರ ಮಾಡಿದ ಲೀ ಜೆ. ಕಾಬ್ ದೊಡ್ಡ ಆಳು, ಆಗ ಅವನಿಗೆ ಮೂವತ್ತೇಳೇ ವರ್ಷ. ಸೀಗಡಿ ಹೋಗಿ ‘ವಾಲ್ರಸ್’ ಬಂತು. 1984ರಲ್ಲಿ ಡಸ್ಟಿನ್ ಹಾಫ್‌ಮನ್ ಮಾಡಿದಾಗ ಸೀಗಡಿ ವಾಪಸ್ ಬಂತು. ದೊಡ್ಡ ಮರ ಉರುಳುವುದನ್ನು ನೋಡುವ ಮರುಕ ಒಂದು ಬಗೆ, ಪುಟ್ಟ ಜೀವ ಒದ್ದಾಡುವುದನ್ನು ನೋಡುವ ಮರುಕ ಇನ್ನೊಂದು ಬಗೆ. ಮಾತುಗಳು ಹೆಚ್ಚುಕಡಿಮೆ ಅವೇ.

ಈಗ ನನ್ನ ತಕರಾರಿಗೆ ಬರುತ್ತೇನೆ. ನಾಯಕನ ಮೇಲೆ ಮರುಕ ಹುಟ್ಟಿಸಲು ಇವತ್ತು ಎಲ್ಲರೂ ಹಿಡಿಯುವ ಅಡ್ಡದಾರಿ ‘ನೋವಿನ ಬಾಲ್ಯ’. ಕೊಲೆಗಾರನೇ? ಚಿಕ್ಕಂದಿನಲ್ಲಿ ಅಪ್ಪ ಹೊಡೆಯುತ್ತಿದ್ದ. ವಂಚಕನೇ? ಹಸಿದು ಮಲಗಿದ್ದ. ಮುಗೀತು, ಲೆಕ್ಕ ಚುಕ್ತಾ. ಇದು ತಪ್ಪನ್ನು ವಿವರಿಸುವ ನೆಪದಲ್ಲಿ ಅಳಿಸಿಹಾಕುತ್ತದೆ. ಟೈರೋನ್‌ಗೂ ನೋವಿನ ಬಾಲ್ಯವೇ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ. ಆದರೆ ಓನೀಲ್ ಅದನ್ನು ಎಲ್ಲಿ ಇಟ್ಟಿದ್ದಾನೆ ನೋಡಿ. ನಾಲ್ಕನೇ ಅಂಕದಲ್ಲಿ. ಅಷ್ಟು ಹೊತ್ತಿಗೆ ಅವನ ಜಿಪುಣತನ ಮಾಡಿದ ಹಾನಿಯನ್ನು ಒಂದೊಂದಾಗಿ ಕಂಡಿದ್ದೇವೆ, ನಮ್ಮ ತೀರ್ಪು ಬರೆದು ಮುಗಿದಿದೆ. ಆಮೇಲೆ ಅವನ ಕತೆ ಬರುತ್ತದೆ. ಅದು ತೀರ್ಪನ್ನು ಹರಿದುಹಾಕುವುದಿಲ್ಲ, ಅದರ ಕೈಯನ್ನು ನಡುಗಿಸುತ್ತದೆ ಅಷ್ಟೇ. ಕತೆ ಮುಗಿದ ಕೂಡಲೇ ಬಲ್ಬು ಆರಿಸಿ ಓನೀಲ್ ನಮ್ಮನ್ನು ಎಚ್ಚರಿಸುತ್ತಾನೆ: ಕರಗಿದಿರಾ? ಇವನು ಇನ್ನೂ ಅವನೇ.

ಆ ದೃಶ್ಯದಲ್ಲಿ ಇನ್ನೊಂದು ಸಂಗತಿ ಅಡಗಿದೆ, ನನ್ನ ಮಟ್ಟಿಗೆ ಇಡೀ ವಿಷಯದ ಕೀಲಿ ಅದೇ. ಅವನ ಜಿಪುಣತನವೂ ಅವನ ಛಲವೂ ಬೇರೆ ಬೇರೆ ಅಲ್ಲ. ಹತ್ತು ವರ್ಷದ ಹುಡುಗನನ್ನು ಬದುಕಿಸಿದ ಭಯವೇ ಅರವತ್ತೈದರ ಅಪ್ಪನನ್ನು ಕ್ರೂರಿ ಮಾಡಿದೆ. ಒಂದೇ ಬೇರು, ಎರಡು ಹಣ್ಣು. ಕಳಪೆ ನಾಟಕದಲ್ಲಿ ನಾಯಕನಿಗೆ ಐದು ಒಳ್ಳೆಯ ಗುಣ ಪಟ್ಟಿ ಮಾಡಿ ಪಕ್ಕದಲ್ಲಿ ಒಂದು ಕೆಟ್ಟ ಗುಣ ಅಂಟಿಸಿರುತ್ತಾರೆ. ಆ ಕೆಟ್ಟದ್ದನ್ನು ಕಿತ್ತರೂ ಮನುಷ್ಯ ಹಾಗೇ ನಿಲ್ಲುತ್ತಾನೆ. ಒಳ್ಳೆಯ ನಾಟಕದಲ್ಲಿ ಕಿತ್ತರೆ ಮನುಷ್ಯನೇ ಕಿತ್ತು ಬರುತ್ತಾನೆ.

ಗಿರೀಶ್ ಕಾರ್ನಾಡರ ‘ತುಘಲಕ್’ (1964) ಇದಕ್ಕೆ ಇನ್ನೂ ಕಠಿಣ ಪರೀಕ್ಷೆ. ಇಲ್ಲಿ ನಾಯಕ ಮತ್ತೆ ರಾಜ, ಅವನ ಕೈಗೆ ಅಂಟಿದ ರಕ್ತವೂ ಟೈರೋನ್, ವಿಲ್ಲಿಯರ ಸಣ್ಣತನಕ್ಕೆ ಹೋಲಿಸುವಂಥದ್ದಲ್ಲ. ರಾಜಧಾನಿ ಬದಲಾಯಿಸುವ ಅವನ ಹಟಕ್ಕೆ ಜನ ದಾರಿಯಲ್ಲೇ ಸಾಯುತ್ತಾರೆ. ಕಾರ್ನಾಡರು ಅವನನ್ನು ಮೃದು ಮಾಡಲು ಹೋಗುವುದಿಲ್ಲ. ಅವನ ಕನಸನ್ನೂ ಅದರ ಫಲವನ್ನೂ ಒಂದೇ ಜಾಗದಲ್ಲಿ ಇಡುತ್ತಾರೆ. ಅವನು ಆಸೆಪಟ್ಟು ಮಾಡಿಸಿದ ಗುಲಾಬಿ ತೋಟದಲ್ಲಿ ಕೊನೆಗೆ ಬಂದು ಬೀಳುವುದು ಖೋಟಾ ನಾಣ್ಯಗಳ ರಾಶಿ. ತಾಮ್ರದ ನಾಣ್ಯ ತಂದದ್ದು ಅವನ ದೂರದೃಷ್ಟಿ. ಜನ ಅದನ್ನು ಮನೆಮನೆಯಲ್ಲಿ ಅಚ್ಚು ಹಾಕಬಹುದು ಎಂದು ಹೊಳೆಯದೇ ಹೋದದ್ದೂ ಅದೇ ದೂರದೃಷ್ಟಿಯ ಕುರುಡು.

ದೌಲತಾಬಾದಿನ ಕೋಟೆಯ ಮೇಲೆ ಒಂದು ರಾತ್ರಿ ಸುಲ್ತಾನ ನಿದ್ದೆ ಬಾರದೆ ಹೊರಗೆ ಬರುತ್ತಾನೆ. ಕಾವಲಿಗೆ ಒಬ್ಬ ಎಳೆಯ ಹುಡುಗ. ವಯಸ್ಸೆಷ್ಟು ಎಂದರೆ ಹತ್ತೊಂಬತ್ತು. ತಾನು ಈ ಊರಿಗೆ ಮೊದಲು ಬಂದಾಗ ಇಪ್ಪತ್ತೊಂದು ವರ್ಷ ಎಂದು ಸುಲ್ತಾನ ನೆನೆಯುತ್ತಾನೆ. ಇನ್ನು ಇಪ್ಪತ್ತು ವರ್ಷ ಕಳೆದರೆ ನಿನಗೆ ನನ್ನಷ್ಟು ವಯಸ್ಸಾಗಿರುತ್ತದೆ, ನಾನು ಮಣ್ಣಲ್ಲಿರುತ್ತೇನೆ, ಆಗ ನನ್ನ ನೆನಪು ಇರುತ್ತದಾ ಎಂದು ಕೇಳುತ್ತಾನೆ. ಇಡೀ ರಾಜ್ಯ ನಡುಗಿಸಿದವನು ಒಬ್ಬ ಪಹರೆಯ ಹುಡುಗನ ಮುಂದೆ ನೆನಪಿನ ಭಿಕ್ಷೆ ಬೇಡುತ್ತಿದ್ದಾನೆ. ಸ್ವಲ್ಪ ಮುಂಚೆ ಅದೇ ಕಾವಲುಗಾರರ ಬಾಯಲ್ಲಿ, ಇಲ್ಲಿಗೆ ಬರುವ ದಾರಿಯಲ್ಲಿ ಆದ ಸಾವುಗಳ ಮಾತು ಬಂದಿರುತ್ತದೆ. ಆ ಮಾತು ಕೇಳಿದ ಕಿವಿಯಲ್ಲೇ ನಾವು ಸುಲ್ತಾನನ ಪ್ರಶ್ನೆಯನ್ನೂ ಕೇಳಬೇಕು. ಕಾರ್ನಾಡರು ಎರಡನ್ನೂ ಒಂದೇ ದೃಶ್ಯದಲ್ಲಿ ಇಟ್ಟದ್ದು ಆಕಸ್ಮಿಕ ಅಂತ ನನಗೆ ಅನ್ನಿಸುವುದಿಲ್ಲ.

ಎಲ್ಲರಿಗೂ ಈ ಮರುಕ ಬೇಕಿರಲಿಲ್ಲ. ಜರ್ಮನ್ ನಾಟಕಕಾರ ಬ್ರೆಕ್ಟ್‌ಗೆ ಇದು ತಲೆನೋವಾಗಿತ್ತು. ಅವನ ನಾಟಕ ‘ಮದರ್ ಕರೇಜ್’ 1941ರಲ್ಲಿ ಜ್ಯೂರಿಕ್‌ನಲ್ಲಿ ಪ್ರದರ್ಶನವಾದಾಗ ಜನ ಮಕ್ಕಳನ್ನು ಕಳೆದುಕೊಂಡ ತಾಯಿಯನ್ನು ನೋಡಿ ಕರಗಿದರು. ಅವನಿಗೆ ಬೇಕಿದ್ದದ್ದು ಯುದ್ಧದಲ್ಲಿ ವ್ಯಾಪಾರ ಮಾಡಿ ಏನೂ ಕಲಿಯದ ಹೆಂಗಸನ್ನು ಜನ ಗಮನಿಸುವುದು. ಅದಕ್ಕಾಗಿ ಕೆಲವು ದೃಶ್ಯ ತಿದ್ದಿದ. 1949ರ ಬರ್ಲಿನ್ ಪ್ರಯೋಗದಲ್ಲಿ ಆ ಪಾತ್ರ ಮಾಡಿದ ನಟಿ ಹೆಲೆನೆ ವೈಗೆಲ್ ಒಂದು ಚಿಕ್ಕ ಕೆಲಸ ಮಾಡಿದಳು. ಮಗಳ ಮಣ್ಣಿಗೆಂದು ನಾಣ್ಯ ಎಣಿಸಿ ಕೈಯಲ್ಲಿ ಹಿಡಿದು, ಒಂದನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು, ಉಳಿದದ್ದನ್ನು ಕೊಟ್ಟಳು. ತಣ್ಣಗಾಗಿಸಲು ಇದಕ್ಕಿಂತ ಒಳ್ಳೆಯ ಉಪಾಯ ಇರಲಾರದು. ಜನ ಆದರೂ ಅತ್ತರು. ನನಗೇನೋ ಆ ಒಂದು ನಾಣ್ಯಕ್ಕೇ ಅತ್ತರು ಅನ್ನಿಸುತ್ತದೆ. ಟೈರೋನ್‌ನ ಬಲ್ಬಿಗೂ ಆ ನಾಣ್ಯಕ್ಕೂ ಏನು ವ್ಯತ್ಯಾಸ?

ಬ್ರೆಕ್ಟ್‌ನ ಭಯ ಮಾತ್ರ ಸುಳ್ಳಲ್ಲ. ನಾಯಕನಿಗಾಗಿ ಅಳುತ್ತಾ ಕೂತರೆ ಅವನಿಂದ ನೊಂದವರು ಮರೆಯಾಗುವ ಅಪಾಯ ಇದ್ದೇ ಇದೆ. ಇದಕ್ಕೆ ನಾನು ಕಂಡ ಅತಿ ನೇರ ಉತ್ತರ ಆಗಸ್ಟ್ ವಿಲ್ಸನ್‌ನ ‘ಫೆನ್ಸಸ್’. 1987ರಲ್ಲಿ ಪುಲಿಟ್ಜರ್ ಪಡೆದ ನಾಟಕ. ಟ್ರಾಯ್ ಮ್ಯಾಕ್ಸನ್ ಕಪ್ಪು ಜನಾಂಗದವನು, ಪಿಟ್ಸ್‌ಬರ್ಗ್‌ನಲ್ಲಿ ಕಸ ಎತ್ತುತ್ತಾನೆ. ಒಂದು ಕಾಲದಲ್ಲಿ ಅಪ್ಪಟ ಬೇಸ್‌ಬಾಲ್ ಆಟಗಾರ. ವರ್ಣಭೇದದ ಗೋಡೆ ಬೀಳುವ ಹೊತ್ತಿಗೆ ವಯಸ್ಸು ಮೀರಿತ್ತು. ಮಗ ಕೋರಿಗೆ ಫುಟ್‌ಬಾಲ್‌ನಿಂದ ಕಾಲೇಜಿನ ದಾರಿ ತೆರೆದಾಗ ಅದನ್ನು ಮುಚ್ಚುವವನು ಅವನೇ. ನಾನಂದ್ರೆ ನಿನಗ್ಯಾಕೆ ಯಾವತ್ತೂ ಇಷ್ಟವಿಲ್ಲ ಎಂದು ಮಗ ಕೇಳುತ್ತಾನೆ. ಇಷ್ಟಪಡಬೇಕು ಅಂತ ಯಾವ ಕಾನೂನಿದೆ, ಊಟ ಹಾಕುವುದು ನನ್ನ ಹೊಣೆ, ಹಾಕುತ್ತಿದ್ದೇನೆ ಎಂಬ ಧಾಟಿಯಲ್ಲಿ ಅಪ್ಪ ಗದರುತ್ತಾನೆ. ಮಗ ತನ್ನ ಹಾಗೆ ಮೋಸ ಹೋಗಬಾರದು ಎಂಬ ಕಾಳಜಿಯೂ, ಮಗ ತನ್ನನ್ನು ಮೀರಬಾರದು ಎಂಬ ಹೊಟ್ಟೆಕಿಚ್ಚೂ ಆ ಮಾತಲ್ಲಿ ಬಿಡಿಸಲಾಗದ ಹಾಗೆ ಹೆಣೆದುಕೊಂಡಿವೆ.

ಆಮೇಲೆ ಅವನು ಬೇರೊಬ್ಬಳಿಗೆ ಹುಟ್ಟಿದ ಕೂಸನ್ನು ಎತ್ತಿಕೊಂಡು ಹೆಂಡತಿ ರೋಸ್ ಮುಂದೆ ನಿಲ್ಲುತ್ತಾನೆ. ಹೆತ್ತವಳು ಹೆರಿಗೆಯಲ್ಲಿ ಸತ್ತಿದ್ದಾಳೆ. ಕೂಸಿನದೇನು ತಪ್ಪು ಎನ್ನುತ್ತಾನೆ. ರೋಸ್ ಕೂಸನ್ನು ತೆಗೆದುಕೊಳ್ಳುತ್ತಾಳೆ. ಇವತ್ತಿನಿಂದ ಈ ಮಗುವಿಗೆ ತಾಯಿ ಇದ್ದಾಳೆ, ನಿನಗೆ ಮಾತ್ರ ಹೆಂಡತಿ ಇಲ್ಲ ಎನ್ನುತ್ತಾಳೆ. ವಿಲ್ಸನ್ ಟ್ರಾಯ್‌ಗೆ ಎಷ್ಟು ದೊಡ್ಡ ಮಾತುಗಳನ್ನು ಕೊಟ್ಟಿದ್ದಾನೋ ಅಷ್ಟೇ ದೊಡ್ಡ ಮಾತುಗಳನ್ನು ರೋಸ್‌ಗೂ ಕೊಟ್ಟಿದ್ದಾನೆ. ಹಾಗಾಗಿಯೇ ಟ್ರಾಯ್ ಮೇಲೆ ಮರುಕಪಡಲು ನಮಗೆ ಅಳುಕಾಗುವುದಿಲ್ಲ. ನೊಂದವಳ ಬಾಯಿ ಮುಚ್ಚಿಸಿ ಪಡೆದ ಮರುಕ ಅದಲ್ಲ.

ಕೊನೆಯ ದೃಶ್ಯ 1965ರದ್ದು. ಟ್ರಾಯ್ ಸತ್ತಿದ್ದಾನೆ. ಕೋರಿ ಸೈನ್ಯದ ಸಮವಸ್ತ್ರದಲ್ಲಿ ಮನೆಗೆ ಬಂದಿದ್ದಾನೆ, ಅಪ್ಪನ ಮಣ್ಣಿಗೆ ಬರಲಾರೆ ಎನ್ನುತ್ತಾನೆ. ಒಮ್ಮೆಯಾದರೂ ಅವನಿಗೆ ಇಲ್ಲ ಅನ್ನಬೇಕು. ರೋಸ್ ಬಯ್ಯುತ್ತಾಳೆ, ಒಳಗೆ ಹೋಗುತ್ತಾಳೆ. ಅಂಗಳದಲ್ಲಿ ಉಳಿದದ್ದು ಅವನು ಮತ್ತು ಆ ಕೂಸು. ಅವಳಿಗೀಗ ಏಳು ವರ್ಷ. ಅಪ್ಪ ಯಾವಾಗಲೂ ಗುನುಗುತ್ತಿದ್ದ, ಹಳೆಯ ನಾಯಿಯೊಂದರ ಮೇಲಿನ ಹಾಡು ಅವಳಿಗೆ ಬರುತ್ತದೆ. ಕೋರಿಗೂ ಬರುತ್ತದೆ. ಒಬ್ಬರು ಒಂದು ಸಾಲು ಎತ್ತಿಕೊಳ್ಳುತ್ತಾರೆ, ಇನ್ನೊಬ್ಬರು ಮುಂದಿನದನ್ನು ಸೇರಿಸುತ್ತಾರೆ. ಹಾಡು ಮುಗಿದ ಮೇಲೆ ಕೋರಿ ತಂಗಿಗೆ ಹೇಳುತ್ತಾನೆ: ಹೋಗಿ ಚಪ್ಪಲಿ ಬದಲಾಯಿಸಿಕೊಂಡು ಬಾ, ಹೊರಡೋಣ.